ಚೀಲ ತಂದೀರೇನ್ರೀ?

ನಾನು ಚಿಕ್ಕವಳಿದ್ದಾಗ ದಾವಣಗೆರೆಯ ಯಾವ ಕಿರಾಣಿ ಅಂಗಡಿಯ ಮುಂದೆ ನಿಂತರೂ, ಸಾಮಾನಿನ ಪಟ್ಟಿ ಓದುವ ಮೊದಲೇ ಕೇಳಿಬರುತ್ತಿದ್ದ ಮಾತು ಒಂದೇ: “ಚೀಲ ತಂದೀರೇನ್ರೀ?” ಇಲ್ಲವೆಂದರೆ ಅಂಗಡಿಯವರು ಬೈಯುತ್ತಿರಲಿಲ್ಲ. “ಹಂಗಾದ್ರೆ ಮನೆಗೆ ಹೋಗಿ ತಗಂಬರ್ರಿ, ಅಷ್ಟ್ರಾಗೆ ಕಟ್ಟಿಟ್ಟಿರ್ತೀನಿ” ಎನ್ನುತ್ತಿದ್ದರು. ಚೀಲ ತರುವುದು ಕೊಳ್ಳುವವರ ಕೆಲಸ, ಕಟ್ಟಿಕೊಡುವುದು ಮಾರುವವರ ಕೆಲಸ. ಈ ಕರಾರನ್ನು ಯಾರೂ ಎಲ್ಲಿಯೂ ಬರೆದಿಟ್ಟಿರಲಿಲ್ಲ; ಆದರೂ ಅದನ್ನು ಯಾರೂ ಮುರಿಯುತ್ತಿರಲಿಲ್ಲ.

ಈ ಪ್ರಶ್ನೆ 1990ರ ದಶಕದಲ್ಲಿ ಯಾವಾಗಲೋ ನಿಂತುಹೋಯಿತು. ನಿಂತದ್ದು ಯಾರ ಗಮನಕ್ಕೂ ಬರಲಿಲ್ಲ. 2016ರ ಮಾರ್ಚ್ 11ರಂದು ಕರ್ನಾಟಕ ಸರ್ಕಾರ ಪ್ಲಾಸ್ಟಿಕ್ ಕೈಚೀಲಗಳ ತಯಾರಿಕೆ, ಮಾರಾಟ, ಬಳಕೆ ಎಲ್ಲವನ್ನೂ ನಿಷೇಧಿಸಿದ ಮೇಲೆ ಒಂದು ದಿನ ಅದೇ ಪ್ರಶ್ನೆ ಮತ್ತೆ ನನ್ನ ಕಿವಿಗೆ ಬಿತ್ತು. ಕೇಳಿದವನು ಹಳೆಯ ಅಂಗಡಿಯವರ ಮೊಮ್ಮಗ. ನನ್ನ ಕೈ ಬರಿದಾಗಿತ್ತು. ಸಮಾಜ ವಿಜ್ಞಾನ ಕಲಿಸುವ ನಾನು ಮಕ್ಕಳಿಗೆ ಎಷ್ಟೋ ರಾಜರು ಬಂದು ಹೋದ ಇಸವಿಗಳನ್ನು ಬಾಯಿಪಾಠ ಮಾಡಿಸಿದ್ದೇನೆ. ಆದರೆ ನನ್ನ ಕೈಯಲ್ಲಿದ್ದ ಚೀಲ ಯಾವಾಗ ಹೋಯಿತೆಂದು ನನಗೇ ಗೊತ್ತಿರಲಿಲ್ಲ. ಅಂದು ಮನೆಗೆ ಬಂದವಳು ಚೀಲದ ಚರಿತ್ರೆಯನ್ನು ಯೋಚಿಸತೊಡಗಿದೆ.

ನಮ್ಮ ಹೆಣ್ಣುಮಕ್ಕಳ ಮಟ್ಟಿಗೆ ಮೊದಲ ಚೀಲ ಉಡಿಯೇ ಇರಬೇಕು. ಸೀರೆಗೆ ಜೇಬಿಲ್ಲ. ಆದರೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದರೆ ಅದೇ ಚೀಲ. ಕೆಲಸ ಮುಗಿದ ಮೇಲೆ ಕೊಡವಿ ಹೊದ್ದರೆ ಮತ್ತೆ ಸೆರಗು. ಇದಕ್ಕಿಂತ ಚಿಕ್ಕದಾಗಿ ಮಡಿಸಬಹುದಾದ ಚೀಲ ಇನ್ನೂ ಬಂದಿಲ್ಲ. ನಮ್ಮ ಕಡೆಯ ಹೊಲಗಳಲ್ಲಿ ಹತ್ತಿ ಬಿಡಿಸುವವರು ಸೊಂಟಕ್ಕೆ ಉಡಿ ಕಟ್ಟಿಕೊಂಡು ಅದರಲ್ಲೇ ಹತ್ತಿ ತುಂಬುವುದನ್ನು ನೀವೂ ನೋಡಿರಬಹುದು. ಮದುವೆಯಾಗಿ ಹೊರಟ ಮಗಳಿಗೆ, ಬಸುರಿಗೆ ನಾವು ತುಂಬುವುದೂ ಉಡಿಯನ್ನೇ.

ಪೇಟೆಯ ಚೀಲಗಳ ಕಥೆ ಬೇರೆ. ಎತ್ತಿನ ಬೆನ್ನಿನ ಎರಡೂ ಪಕ್ಕಕ್ಕೆ ತೂಗುವ ಜೋಡಿಚೀಲಕ್ಕೆ ಹಸುಬೆ ಎಂದು ಹೆಸರು. ರಸ್ತೆಗಳಿಲ್ಲದ ಕಾಲದಲ್ಲಿ ಲಂಬಾಣಿಗರು ಹೇರೆತ್ತುಗಳ ಮೇಲೆ ದವಸ, ಉಪ್ಪು ಹೊತ್ತು ನಾಡೆಲ್ಲ ತಿರುಗುತ್ತಿದ್ದರು. 1791-92ರಲ್ಲಿ ಟಿಪ್ಪುವಿನ ಮೇಲೆ ದಂಡೆತ್ತಿ ಬಂದ ಕಾರ್ನ್‌ವಾಲಿಸನ ಸೈನ್ಯಕ್ಕೂ ದವಸ ಒದಗಿಸಿದವರು ಇವರೇ. ಗೋಣಿ ಎಂಬ ನಮ್ಮ ದೇಶದ ಮಾತು ಇಂಗ್ಲಿಷಿಗೆ ಹೋಗಿ ‘ಗನ್ನಿ’ಯಾಯಿತು. 1855ರಲ್ಲಿ ಕಲ್ಕತ್ತೆಯ ಬಳಿಯ ರಿಶ್ರಾದಲ್ಲಿ ಸೆಣಬಿನ ಮಿಲ್ಲು ಶುರುವಾದ ಮೇಲಂತೂ ಗೋಣಿಚೀಲ ಜಗತ್ತನ್ನೇ ಸುತ್ತಿತು.

ದೊಡ್ಡ ಚೀಲಗಳ ನಡುವೆ ಒಂದು ಪುಟ್ಟ ಚೀಲಕ್ಕೆ ನಮ್ಮ ಸಾಹಿತ್ಯದಲ್ಲಿ ಶಾಶ್ವತ ಸ್ಥಾನ ಸಿಕ್ಕಿದೆ. ಮೈಸೂರಿನ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ರಾಣಿಯ ಎಲೆಅಡಿಕೆಯ ಸಂಚಿ ಹಿಡಿಯುತ್ತಿದ್ದ ಊಳಿಗದ ಹೆಣ್ಣುಮಗಳು ‘ಹದಿಬದೆಯ ಧರ್ಮ’ ಬರೆದಳು. ಹೆಣ್ಣೆಂದು ಹೀಗಳೆಯುವವರನ್ನು ಅದರಲ್ಲಿ ಪ್ರಶ್ನಿಸಿದಳು. ಅವಳನ್ನು ನಾವು ಇಂದಿಗೂ ಸಂಚಿಯ ಹೊನ್ನಮ್ಮ ಎಂದೇ ಕರೆಯುತ್ತೇವೆ. ಹೊತ್ತದ್ದು ಬೇರೆಯವರ ಚೀಲ. ಉಳಿದದ್ದು ಅವಳ ಹೆಸರು. ಈ ಪಾಠ ಮಾಡುವಾಗಲೆಲ್ಲ ನನಗೆ ನಮ್ಮವ್ವನ ಖಾಕಿ ಚೀಲ ನೆನಪಾಗುತ್ತದೆ.

ನಮ್ಮಪ್ಪ ಹತ್ತಿ ಮಿಲ್ಲಿನಲ್ಲಿ ಕೆಲಸಕ್ಕಿದ್ದರು. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಯುತ್ತಿದ್ದ ಕಾಲ ಅದು. ಮಿಲ್ಲಿನ ಕೂಗಿಗೆ ಊರು ಏಳುತ್ತಿತ್ತು, ಉಣ್ಣುತ್ತಿತ್ತು. ಅಪ್ಪ ಆಗಾಗ ತರುತ್ತಿದ್ದ ಕೋರಾ ಬಟ್ಟೆಯ ತುಂಡುಗಳು ಅವ್ವನ ಕೈಯಲ್ಲಿ ಚೀಲಗಳಾಗುತ್ತಿದ್ದವು. ಬಾಗಿಲ ಹಿಂದಿನ ಮೊಳೆಗಳಿಗೆ ಅವು ಸಾಲಾಗಿ ತೂಗುತ್ತಿದ್ದವು. ಜೋಳಕ್ಕೊಂದು, ತರಕಾರಿಗೊಂದು, ರೇಷನ್ನಿನ ಸಕ್ಕರೆಗೊಂದು. ಎಲ್ಲಕ್ಕಿಂತ ದೊಡ್ಡದು ಮಂಡಕ್ಕಿಯದು. ಭಟ್ಟಿಯಿಂದ ತರುವ ಮಂಡಕ್ಕಿಗೆ ತೂಕವಿಲ್ಲ, ಆದರೆ ಮನೆ ತುಂಬುವಷ್ಟು ಗಾತ್ರ. ಅದಕ್ಕೆ ಹಳೆಯ ದಿಂಬಿನ ಚೀಲವೇ ಆಗಬೇಕಿತ್ತು. ಬೇಳೆ, ಬೆಲ್ಲ, ಸಾಸಿವೆಗಳು ಹಳೆಯ ಪತ್ರಿಕೆಯ ಪೊಟ್ಟಣಗಳಲ್ಲಿ ದಾರ ಸುತ್ತಿಸಿಕೊಂಡು ಬರುತ್ತಿದ್ದವು. ಆ ಕಾಗದ ಬಿಡಿಸಿ ಓದುತ್ತ ಕೂರುವುದು ನನ್ನ ಚಾಳಿ. ದಾರ ಉಂಡೆ ಸೇರುತ್ತಿತ್ತು. ಕಾಗದ ಒಲೆ ಸೇರುತ್ತಿತ್ತು. ಮನೆಯಿಂದ ಹೊರಗೆ ಬೀಳುವುದು ಏನೂ ಇರುತ್ತಿರಲಿಲ್ಲ.

ಖಾಕಿ ಚೀಲ ಹುಟ್ಟಿದ್ದು ಅಪ್ಪನ ಹಳೆಯ ಪ್ಯಾಂಟಿನಿಂದ. ಮೊಣಕಾಲು ಸವೆದ ಪ್ಯಾಂಟನ್ನು ಅವ್ವ ಬಿಚ್ಚಿ, ಗಟ್ಟಿ ಇದ್ದ ಭಾಗಗಳನ್ನು ಜೋಡಿಸಿ ಹೊಲಿದಳು. ಹಿಂಬದಿಯ ಜೇಬನ್ನು ಎಸೆಯಲು ಮನಸ್ಸು ಬರಲಿಲ್ಲ. ಚಿಲ್ಲರೆಗೆ ಆಗುತ್ತದೆಂದು ಚೀಲದ ಒಳಬಾಯಿಗೆ ಹಚ್ಚಿದಳು. ಆಮೇಲೆ ಒಂದು ದಿನ ಅವಳಿಗೆ ಹೊಳೆಯಿತು: ಚೀಲವನ್ನು ಉದ್ದಕ್ಕೆ ಮೂರು ಮಡಿಕೆ ಮಾಡಿ, ಹಿಡಿಕೆಗಳನ್ನು ಒಳಗೆ ಹಾಕಿ ಸುತ್ತಿದರೆ ಇಡೀ ಚೀಲ ಅದೇ ಜೇಬಿನೊಳಗೆ ಕೂರುತ್ತದೆ! ಆಗ ಅದು ಕನ್ನಡಕದ ಡಬ್ಬಿಯಷ್ಟು. ಸೊಂಟಕ್ಕೆ ಸಿಕ್ಕಿಸಿಕೊಂಡು ಗುಡಿಗೆ ಹೋದವಳು ಬರುವಾಗ ಎರಡು ಕೈತುಂಬ ಸೊಪ್ಪು ತರುತ್ತಿದ್ದಳು. ಇಂದು ದೊಡ್ಡ ಅಂಗಡಿಗಳಲ್ಲಿ ತನ್ನ ಜೇಬಿನೊಳಗೇ ಮಡಚಿಕೊಳ್ಳುವ ನೈಲಾನ್ ಚೀಲವನ್ನು ಹೊಸ ಉಪಾಯವೆಂಬಂತೆ ಮಾರುವುದನ್ನು ಕಂಡಾಗ ನನಗೆ ನಗು ಬರುತ್ತದೆ.

ನಡುವೆ ವೈರ್ ಬುಟ್ಟಿಯ ಕಾಲವೊಂದು ಬಂತು. ಬೇಸಿಗೆ ರಜೆ ಬಂದರೆ ಸಾಕು, ಓಣಿಯ ಹುಡುಗಿಯರೆಲ್ಲ ಬಣ್ಣಬಣ್ಣದ ಪ್ಲಾಸ್ಟಿಕ್ ವೈರಿನ ಕಟ್ಟು ತಂದು ಜಗುಲಿಯ ಮೇಲೆ ಕೂರುತ್ತಿದ್ದೆವು. ಗಂಟು ಬಿಗಿದು ಬಿಗಿದು ಬೆರಳ ತುದಿ ಕೆಂಪಾಗುತ್ತಿತ್ತು. ನೋಡಲು ಚೆಂದ, ವರ್ಷಗಟ್ಟಲೆ ಬಾಳಿಕೆ. ಆದರೆ ಮಡಚಲು ಬಾರದು. ಖಾಲಿ ಇದ್ದಾಗಲೂ ತುಂಬಿದಷ್ಟೇ ಜಾಗ ಬೇಡುತ್ತಿತ್ತು. ಪ್ಲಾಸ್ಟಿಕ್ಕು ನಮ್ಮ ಮನೆಗಳಿಗೆ ಮೊದಲು ಕಾಲಿಟ್ಟದ್ದು ಹೀಗೆ, ನಮ್ಮದೇ ಕೈಕಸುಬಿನ ವೇಷದಲ್ಲಿ.

ತೆಳು ಕವರಿನ ಜಾತಕ ಇನ್ನೂ ಹಳೆಯದು. ಪಾಲಿಥೀನ್ ಎಂಬ ವಸ್ತು 1933ರಲ್ಲಿ ಇಂಗ್ಲೆಂಡಿನ ಪ್ರಯೋಗಶಾಲೆಯೊಂದರಲ್ಲಿ, ಬೇರೇನನ್ನೋ ಹುಡುಕುತ್ತಿದ್ದಾಗ, ಆಕಸ್ಮಿಕವಾಗಿ ಸಿಕ್ಕಿತು. ಬನಿಯನ್ನಿನ ಹಾಗೆ ಎರಡು ಹಿಡಿಕೆಗಳಿರುವ ಚೀಲವನ್ನು ರೂಪಿಸಿದವರು ಸ್ವೀಡನ್ನಿನ ಎಂಜಿನಿಯರ್ ಸ್ಟೆನ್ ಗುಸ್ತಾಫ್ ಥೂಲಿನ್. 1965ರಲ್ಲಿ ಅದಕ್ಕೆ ಅಮೆರಿಕದ ಪೇಟೆಂಟ್ ಸಿಕ್ಕಿತು. 1982ರ ಹೊತ್ತಿಗೆ ಅಲ್ಲಿನ ದೊಡ್ಡ ಅಂಗಡಿಗಳು ಕಾಗದದ ಚೀಲ ಬಿಟ್ಟು ಇದಕ್ಕೆ ಹೊರಳತೊಡಗಿದವು. ಕಾಗದಕ್ಕಾಗಿ ಮರ ಕಡಿಯುವುದು ತಪ್ಪಲೆಂಬ ಕಳಕಳಿಯೂ ಥೂಲಿನ್ನರಿಗೆ ಇತ್ತಂತೆ. ಅವರು ಸದಾ ಒಂದು ಚೀಲವನ್ನು ಮಡಚಿ ಜೇಬಿನಲ್ಲಿ ಇಟ್ಟುಕೊಂಡೇ ತಿರುಗುತ್ತಿದ್ದರು, ಜನ ಅದನ್ನು ಒಮ್ಮೆ ಬಳಸಿ ಎಸೆದಾರೆಂದು ಅವರಿಗೆ ಅನ್ನಿಸಿಯೇ ಇರಲಿಲ್ಲ ಎಂದು ಅವರ ಮಗ ಹೇಳಿದ್ದಾರೆ. ಓದಿದಾಗ ನನಗೆ ಮೈ ಜುಮ್ಮೆಂದಿತು. ಅದಕ್ಕೆ ಕಾರಣವಿದೆ.

1993ರಲ್ಲಿ ನಾನು ಶಾಲೆಗೆ ಸೇರಿದೆ. ಮೊದಲ ಸಂಬಳದ ಉತ್ಸಾಹ. ಒಂದು ಶನಿವಾರ ಸಹೋದ್ಯೋಗಿಗಳ ಜೊತೆ ಸೀರೆ ಅಂಗಡಿಗೆ ಹೋಗಿ, ಹೊರಬರುವಾಗ ಅಂಗಡಿಯ ಹೆಸರಿದ್ದ ಮಿರುಗುವ ಕವರನ್ನು ಎಲ್ಲರಿಗೂ ಕಾಣುವಂತೆ ಹಿಡಿದುಕೊಂಡು ನಡೆದೆ. ಮಾರುಕಟ್ಟೆಯ ತಿರುವಿನಲ್ಲಿ ಅವ್ವ ಎದುರಾದಳು. ಹೆಗಲಿಗೆ ಖಾಕಿ ಚೀಲ, ಅದರ ಬಾಯಿಯಿಂದ ಹೊರಗೆ ಇಣುಕುತ್ತಿದ್ದ ಮೂಲಂಗಿ ಸೊಪ್ಪು. “ನಿಮ್ಮ ತಾಯಿ ಪೋಸ್ಟಾಫೀಸಿನಲ್ಲಿ ಇದ್ದಾರೇನ್ರೀ?” ಎಂದು ಒಬ್ಬರು ಕೇಳಿದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಮನೆಗೆ ಬಂದವಳು, “ಇನ್ಮೇಲೆ ಆ ಚೀಲ ತಗೊಂಡು ಹೋಗಬ್ಯಾಡವ್ವ. ಅಂಗಡಿಯವರೇ ಪುಕ್ಕಟೆ ಕವರ್ ಕೊಡ್ತಾರಲ್ಲ” ಎಂದೆ. ಅವ್ವ “ಹೂಂ” ಅಂದಳು. ಅಷ್ಟೇ. ಮರುದಿನ ಬಾಗಿಲ ಹಿಂದಿನ ಮೊಳೆಯಲ್ಲಿ ಖಾಕಿ ಚೀಲ ಇರಲಿಲ್ಲ.

ಪುಕ್ಕಟೆ ಎಂಬ ಮಾತಿನ ಮಾಯೆ ಅದು. ಕೈ ಬೀಸಿಕೊಂಡು ಪೇಟೆಗೆ ಹೋಗಿ ಕೈತುಂಬ ತರುವುದು ನೌಕರಿ ಮಾಡುವ ನಮಗೆ ನಿಜಕ್ಕೂ ಅನುಕೂಲವಾಗಿತ್ತು, ಸುಳ್ಳು ಹೇಳಲಾರೆ. ಶಾಲೆ ಬಿಟ್ಟು ಬರುವ ದಾರಿಯಲ್ಲೇ ತರಕಾರಿ ಕೊಳ್ಳಬಹುದಿತ್ತು. ಆದರೆ ಅವ್ವ ಕವರುಗಳನ್ನೂ ಎಸೆಯಲಿಲ್ಲ. ತೊಳೆದು, ಬಟ್ಟೆಯ ತಂತಿಗೆ ಕ್ಲಿಪ್ಪು ಹಾಕಿ ಒಣಗಿಸಿ, ತ್ರಿಕೋನವಾಗಿ ಮಡಚಿ ಹಾಸಿಗೆಯ ಕೆಳಗೆ ಇಡುತ್ತಿದ್ದಳು. ಅದಕ್ಕೂ ನಾನು ಗೊಣಗುತ್ತಿದ್ದೆ. ಈಗ ತಿಳಿಯುತ್ತದೆ: ಆ ಸ್ವೀಡನ್ನಿನ ಎಂಜಿನಿಯರಿಗೂ ದಾವಣಗೆರೆಯ ಅವ್ವನಿಗೂ ಒಂದೇ ಬುದ್ಧಿ ಇತ್ತು. ನಡುವೆ ಸಿಕ್ಕ ನಾವು, ಓದಿದವರು, ಎಸೆದವರು.

ಎಸೆದದ್ದರ ಲೆಕ್ಕ ಬೇಗ ತಿಳಿಯಲಿಲ್ಲ. ನಮ್ಮ ಓಣಿಯಲ್ಲಿ ಒಬ್ಬ ಅಜ್ಜಿ ಹಸು ಸಾಕಿಕೊಂಡು ಹಾಲು ಮಾರುತ್ತಿದ್ದರು. ಅವ್ವ ಸಿಪ್ಪೆಗಳನ್ನೆಲ್ಲ ಬಕೆಟ್ಟಿನಲ್ಲಿ ಕೂಡಿಟ್ಟು ಅದರ ಮುಂದೆ ಸುರಿದು ಬರುತ್ತಿದ್ದಳು. ನಾನು ಅಡುಗೆಮನೆ ವಹಿಸಿಕೊಂಡ ಮೇಲೆ ಸಿಪ್ಪೆ ಕವರಿಗೆ ಬಿತ್ತು. ಕೈ ಹೊಲಸಾಗಬಾರದೆಂದು ಗಂಟು ಕಟ್ಟಿ ತಿಪ್ಪೆಗೆ ಎಸೆಯುವುದು ರೂಢಿಯಾಯಿತು. ಒಂದು ಮಳೆಗಾಲ ಆ ಹಸು ಮೇವು ಬಿಟ್ಟಿತು, ಹೊಟ್ಟೆ ಉಬ್ಬಿ ಸತ್ತಿತು. ಕೊಯ್ದು ನೋಡಿದಾಗ ಹೊಟ್ಟೆಯಲ್ಲಿ ಕವರುಗಳ ಮುದ್ದೆಯೇ ಇತ್ತು. ಹಲವಕ್ಕೆ ಹಾಕಿದ ಗಂಟು ಹಾಗೇ ಇತ್ತು. ಅವ್ವ ಬಾಗಿಲಲ್ಲಿ ನಿಂತು ಒಂದೇ ಮಾತು ಆಡಿದಳು: “ಗಂಟು ಬಿಚ್ಚಿ ತಿನ್ನಾಕೆ ಅದಕ್ಕೇನು ಕೈ ಇದ್ವಾ?” ಆ ಗಂಟುಗಳಲ್ಲಿ ನಾನು ಕಟ್ಟಿದ್ದು ಎಷ್ಟೋ! ಅಜ್ಜಿ ಮತ್ತೆ ಹಸು ಸಾಕಲಿಲ್ಲ.

ದೊಡ್ಡ ಪ್ರಮಾಣದಲ್ಲಿ ಇದೇ ಕಥೆ ಎಲ್ಲೆಡೆ ನಡೆಯಿತು. ಬಾಂಗ್ಲಾದೇಶದಲ್ಲಿ 1988 ಮತ್ತು 1998ರ ಪ್ರವಾಹಗಳ ಹೊತ್ತಿಗೆ ಚರಂಡಿಗಳಲ್ಲಿ ಕವರು ಕಟ್ಟಿಕೊಂಡು ನೀರು ಹೋಗದಂತಾಯಿತು. ಹೇಳಿ ಕೇಳಿ ಸೆಣಬಿನ ನಾಡು ಅದು. 2002ರಲ್ಲಿ ತೆಳು ಪಾಲಿಥೀನ್ ಚೀಲಗಳನ್ನು ನಿಷೇಧಿಸಿದ ಮೊದಲ ದೇಶ ಎನಿಸಿತು. ನಮ್ಮಲ್ಲಿ ಕಾನೂನು ಕವರಿನ ದಪ್ಪವನ್ನು ಅಳೆಯುತ್ತ ನಡೆಯಿತು. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. 1999ರ ನಿಯಮದಲ್ಲಿ ಕನಿಷ್ಠ 20 ಮೈಕ್ರಾನ್ ಇರಬೇಕೆಂದಿತ್ತು. 2011ರಲ್ಲಿ 40, 2016ರಲ್ಲಿ 50, 2021ರ ಸೆಪ್ಟೆಂಬರ್ 30ರಿಂದ 75, 2022ರ ಡಿಸೆಂಬರ್ 31ರಿಂದ 120 ಆಯಿತು. ತೆಳು ಕವರು ಗಾಳಿಗೆ ಹಾರುತ್ತದೆ, ಆಯುವವರು ಅದನ್ನು ಮುಟ್ಟುವುದಿಲ್ಲ. ದಪ್ಪನೆಯದಾದರೆ ಅಂಗಡಿಯವರಿಗೆ ಪುಕ್ಕಟೆ ಕೊಡಲು ಗಿಟ್ಟುವುದಿಲ್ಲ ಎಂಬುದು ಲೆಕ್ಕ. ನಮ್ಮ ರಾಜ್ಯದಲ್ಲಿ ಪೂರ್ತಿ ನಿಷೇಧವೇ ಇದ್ದರೂ ಸಂತೆಯಲ್ಲಿ ಇಂದಿಗೂ ಕವರು ಕೈಗೆ ಬರುತ್ತದೆ. ಕೊಡುವ ಕೈ ಇರುವುದು ಚಾಚುವ ಕೈ ಇರುವುದರಿಂದ.

ಈ ನಡುವೆ ಊರಿನ ಹತ್ತಿ ಮಿಲ್ಲುಗಳು ಒಂದೊಂದಾಗಿ ಮುಚ್ಚಿದವು. ಕವರು ಬಂದದ್ದಕ್ಕೇ ಮುಚ್ಚಿದವು ಎಂದರೆ ತಪ್ಪು. ಅದರ ಕಾರಣಗಳು ಬೇರೆ. ಆದರೆ ಕೋರಾ ಬಟ್ಟೆ ಮನೆಗೆ ಬರುವುದು ನಿಂತದ್ದೂ, ಬಾಗಿಲ ಹಿಂದಿನ ಮೊಳೆಗಳು ಬರಿದಾದದ್ದೂ ಹೆಚ್ಚುಕಡಿಮೆ ಒಂದೇ ಕಾಲ.

ನಿಷೇಧ ಬಂದು ಕೆಲವು ವರ್ಷಗಳ ಮೇಲೆ ಎಂಟನೆಯ ತರಗತಿಯ ಮಕ್ಕಳಿಗೆ ಒಂದು ಕೆಲಸ ಕೊಟ್ಟೆ. ಮನೆಯಲ್ಲಿರುವ ಮದುವೆಯ ತಾಂಬೂಲದ ಚೀಲಗಳನ್ನೆಲ್ಲ ತನ್ನಿ ಎಂದೆ. ತಾಂಬೂಲದ ಚೀಲದಷ್ಟು ಪ್ರಾಮಾಣಿಕ ಶಾಸನ ಬೇರೊಂದಿಲ್ಲ. ವಧೂವರರ ಹೆಸರು, ಊರು, ತಾರೀಖು ಎಲ್ಲ ಅಚ್ಚಾಗಿರುತ್ತದೆ. ಜವಳಿ ಅಂಗಡಿಯದಾದರೆ ದೂರವಾಣಿಯ ಅಂಕಿಗಳನ್ನು ಎಣಿಸಿ ಕಾಲ ಹೇಳಬಹುದು: ಹಳೆಯದಾದಷ್ಟೂ ಅಂಕಿ ಕಡಿಮೆ. ಮಕ್ಕಳು ತಂದ ಚೀಲಗಳನ್ನು ಇಸವಿಯ ಪ್ರಕಾರ ನೆಲದ ಮೇಲೆ ಜೋಡಿಸಿದೆವು. ಮೊದಲು ಹಳದಿ ಬಟ್ಟೆಯವು. ಆಮೇಲೆ ಗಣಪತಿಯ ಚಿತ್ರದ ಪ್ಲಾಸ್ಟಿಕ್ಕಿನವು. ಆಮೇಲೆ ಬಟ್ಟೆಯಂತೆ ಕಾಣುವ ಬಣ್ಣಬಣ್ಣದವು. ಕೊನೆಗೆ ಮತ್ತೆ ಬಟ್ಟೆಯವು. ಒಬ್ಬ ಹುಡುಗಿ ನೋಡಿ, “ಟೀಚರ್, ಮೊದಲ್ನೇದೂ ಕೊನೇದೂ ಒಂದೇ ಥರ ಅದಾವಲ್ರೀ” ಎಂದಳು. ಪಾಠ ಅಲ್ಲಿಗೆ ಮುಗಿಯಿತು. ಬರಿಗೈಯಲ್ಲಿ ಪೇಟೆಗೆ ಹೋಗುವುದು ಅನಾದಿಯಿಂದ ಬಂದ ಪದ್ಧತಿಯಲ್ಲ. ಅದಕ್ಕೆ ನನ್ನ ನೌಕರಿಯಷ್ಟೇ ವಯಸ್ಸು. ನನ್ನ ಕಣ್ಣೆದುರು ಬಂದದ್ದು ನನ್ನ ಕಣ್ಣೆದುರೇ ಹೋಗಲೂಬಹುದು. ನ್ಯಾಯಬೆಲೆ ಅಂಗಡಿಯ ಸಾಲನ್ನು ನೋಡಿ: ಅಲ್ಲಿ ಇಂದಿಗೂ ಒಬ್ಬರೂ ಬರಿಗೈಯಲ್ಲಿ ನಿಂತಿರುವುದಿಲ್ಲ.

ಆ ಬಟ್ಟೆಯಂತೆ ಕಾಣುವ ಚೀಲಗಳ ಬಗ್ಗೆ ಒಂದು ಮಾತು. ಅವು ನೇಯ್ದ ಬಟ್ಟೆಯಲ್ಲ. ಹೆಚ್ಚಿನವು ಪ್ಲಾಸ್ಟಿಕ್ಕಿನ ಎಳೆಗಳನ್ನೇ ಒತ್ತಿ ಮಾಡಿದವು. ರೇಷ್ಮೆಯನ್ನು ಪರೀಕ್ಷಿಸುವ ನಮ್ಮ ಹಳೆಯ ವಿದ್ಯೆ ಇಲ್ಲಿಯೂ ಉಪಯೋಗಕ್ಕೆ ಬರುತ್ತದೆ. ಒಂದು ಚೂರನ್ನು ಸುಟ್ಟು ನೋಡಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಬೂದಿಯಾಗುತ್ತದೆ. ಇದು ಕರಗಿ ಗಟ್ಟಿ ಮಣಿಯಾಗುತ್ತದೆ.

ಹಾಗೆಂದು ಹೊಸ ಹತ್ತಿಯ ಚೀಲಗಳನ್ನು ಡಜನ್ನುಗಟ್ಟಲೆ ಕೊಂಡು ಪುಣ್ಯ ಕಟ್ಟಿಕೊಂಡೆವೆಂದು ತಿಳಿಯುವುದೂ ಬೇಡ. ಹತ್ತಿ ಬೆಳೆಯಲು ನೀರು, ಗೊಬ್ಬರ, ಔಷಧಿ ಎಲ್ಲ ಬೇಕು. ಇಂಗ್ಲೆಂಡಿನ ಪರಿಸರ ಇಲಾಖೆ 2011ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ಭೂಮಿಯ ಬಿಸಿ ಏರಿಸುವ ವಿಷಯದಲ್ಲಿ ಹತ್ತಿಯ ಚೀಲವೊಂದು ಒಮ್ಮೆ ಬಳಸಿ ಬಿಸಾಡುವ ತೆಳು ಕವರಿಗಿಂತ ಮೇಲೆನಿಸಬೇಕಾದರೆ ಅದನ್ನು 131 ಸಲವಾದರೂ ಬಳಸಬೇಕು. ವಾರಕ್ಕೆರಡು ಸಂತೆಯೆಂದರೆ ಒಂದೂಕಾಲು ವರ್ಷ. ಅವ್ವನ ಖಾಕಿ ಚೀಲ ವಾರಕ್ಕೆರಡು ಸಲ ಹೊರಟರೂ ಹತ್ತು ವರ್ಷದಲ್ಲಿ ಸಾವಿರ ಸಲ ಸಂತೆ ಕಂಡಿತ್ತು. ಅದಕ್ಕೆ ಹೊಸ ಹತ್ತಿಯೇ ಬೇಕಾಗಿರಲಿಲ್ಲ. ಒಳ್ಳೆಯ ಚೀಲವೆಂದರೆ ಹೊಸದಲ್ಲ, ಹೆಚ್ಚು ಸಲ ಹೊರಗೆ ಹೋಗಿಬಂದದ್ದು. ನೈಲಾನಿನದಾದರೂ ಚಿಂತೆಯಿಲ್ಲ, ನೂರಾರು ಸಲ ಬಳಸಿದರೆ ಸಾಕು. ಅದಕ್ಕೇ ಮಡಚಿ ಚಿಕ್ಕದಾಗುವ ಗುಣ ಮುಖ್ಯ. ಮನೆಯಲ್ಲಿ ಮರೆತು ಬಂದ ಹತ್ತು ಚೀಲಗಳಿಗಿಂತ ವ್ಯಾನಿಟಿ ಬ್ಯಾಗಿನಲ್ಲಿರುವ ಒಂದು ಮೇಲು.

ಇಷ್ಟೆಲ್ಲ ತಿಳಿದ ಮೇಲೆ, ವರ್ಷಗಳ ನಂತರ, ಅವ್ವನನ್ನು ಖಾಕಿ ಚೀಲದ ಬಗ್ಗೆ ಕೇಳಿದೆ. ಎಲ್ಲಿಯೋ ಟ್ರಂಕಿನಲ್ಲಿ ಜೋಪಾನವಾಗಿ ಇಟ್ಟಿರಬಹುದೆಂಬ ಆಸೆ ನನಗೆ. ಅವ್ವ ನಕ್ಕಳು. “ಅದು ಯಾವಾಗ್ಲೋ ಮಸಿಬಟ್ಟೆ ಆಗಿ ಹೋತು ಕಣವ್ವ.” ಬಟ್ಟೆಗೆ ಇರುವ ಸಹಜ ಸಾವು ಅದು. ಹಾಗಾದರೆ ನನಗೊಂದು ಹೊಲಿದುಕೊಡು ಎಂದೆ. ಅವಳ ಕಣ್ಣು ಸೂಜಿಯ ಕಣ್ಣನ್ನು ಕಾಣದಾಗಿತ್ತು. ನೀನೇ ಹೊಲಿ ಎಂದಳು. ಬಿ.ಎ., ಬಿ.ಎಡ್. ಓದಿದ ನನಗೆ ಚೀಲದ ತಳ ಹೇಗೆ ಕೂರಿಸುತ್ತಾರೆಂದು ಗೊತ್ತಿರಲಿಲ್ಲ! ಒಂದೇ ತಲೆಮಾರಿನಲ್ಲಿ ಚೀಲದ ಜೊತೆಗೆ ಆ ವಿದ್ಯೆಯೂ ಮನೆ ಬಿಟ್ಟು ಹೋಗಿತ್ತು.

ಅವ್ವ ಮಂಚದ ಮೇಲೆ ಕೂತು ಗೇಣಿನ ಲೆಕ್ಕದಲ್ಲಿ ಹೇಳುತ್ತ ಹೋದಳು: ಅಗಲ ಒಂದೂವರೆ ಗೇಣು, ಉದ್ದ ಎರಡು ಗೇಣು, ಅದಕ್ಕಿಂತ ದೊಡ್ಡದಾದರೆ ತುಂಬಿದ ಮೇಲೆ ಹೊರಲು ಆಗದು. ಹೊಲಿಗೆ ಎರಡು ಸಾಲು. ತಳದ ಮೂಲೆಗಳನ್ನು ಒಳಕ್ಕೆ ಮಡಚಿ ಅಡ್ಡ ಹೊಲಿಗೆ ಹಾಕಬೇಕು, ಆಗ ಚೀಲ ನೆಲದ ಮೇಲೆ ನೆಟ್ಟಗೆ ಕೂರುತ್ತದೆ. ಹಿಡಿಕೆಯನ್ನು ಬಾಯಂಚಿಗೆ ಹಚ್ಚಿ ಬಿಡಬಾರದು. ನಾಲ್ಕು ಬೆರಳು ಕೆಳಗಿನಿಂದ ಹಿಡಿದು ಚೌಕವಾಗಿ ಹೊಲಿಯಬೇಕು, ಇಲ್ಲದಿದ್ದರೆ ಭಾರಕ್ಕೆ ಕಿತ್ತು ಬರುತ್ತದೆ. ಸೊಪ್ಪಿಗೂ ಹಿಟ್ಟಿಗೂ ಬೇರೆ ಬೇರೆ ಚೀಲ. ವಾರಕ್ಕೊಮ್ಮೆ ಒಗೆದು ಬಿಸಿಲಿಗೆ ಹಾಕಬೇಕು, ಒದ್ದೆ ಇರುವಾಗ ಮಡಚಬಾರದು. ನನ್ನ ಯಜಮಾನರ ಹಳೆಯ ಪ್ಯಾಂಟಿನ ಜೇಬೂ ಸೇರಿ ಎರಡು ಭಾನುವಾರಗಳಲ್ಲಿ ನನ್ನ ಚೀಲ ತಯಾರಾಯಿತು.

ಅವ್ವ ಅದನ್ನು ತಿರುವಿ, ಒಳಗೆ ಕೈಹಾಕಿ ತಳದ ಮೂಲೆಗಳನ್ನು ಬೆರಳಿನಿಂದ ಸವರಿ ನೋಡಿದಳು. ನಾನು ಪರೀಕ್ಷೆ ಬರೆದ ಹುಡುಗಿಯ ಹಾಗೆ ಕಾಯುತ್ತಿದ್ದೆ.

“ಒಂದು ಮೂಲೆ ಸೊಟ್ಟ ಆಗೇತಿ. ಇರ್ಲಿ, ಹಿಡಿತೈತಿ” ಎಂದಳು. ಆಮೇಲೆ ಅದನ್ನು ಉದ್ದಕ್ಕೆ ಮೂರು ಮಡಿಕೆ ಮಾಡಿ, ಹಿಡಿಕೆಗಳನ್ನು ಒಳಗೆ ಹಾಕಿ, ಸುತ್ತಿ, ಜೇಬಿನೊಳಗೆ ಕೂರಿಸಿ ನನ್ನ ಕೈಗಿಟ್ಟಳು. “ಹೆಂಗೂ ಪೇಟೆಗೆ ಹೊಂಟೀಯಲ್ಲ, ಅರ್ಧ ಕಿಲೋ ಮೆಂತ್ಯೆಸೊಪ್ಪು ತಗಂಬಾ.”